ತೊಗರಿ ಮಿಲ್ಲಿಗೆ ಬಂದ ಹಡಗಿನ ಬಿಸಿಗಾಳಿ ಕೊಳವೆ: ಒಂದು ಪ್ರಕರಣ

ಬೆಳಿಗ್ಗೆ ಒಂಬತ್ತೂವರೆಗೆ ನಾನು ಮಿಲ್ಲಿನೊಳಗೆ ಕಾಲಿಟ್ಟಾಗ ಹುಡುಗ ಏಣಿಯ ಮೇಲಿದ್ದ. ಕೈಯಲ್ಲಿ ತಂತಿ ಬ್ರಷ್ಷು, ತಲೆಗೆ ಟವೆಲ್ಲು, ಮೂಗಿಗೆ ಏನೂ ಇಲ್ಲ. ಚಾವಣಿಯ ಕೆಳಗೆ ಹಾದುಹೋಗಿದ್ದ ದಪ್ಪ ಕೊಳವೆಯ ಬಿಳಿ ಸುತ್ತನ್ನು ಕೆರೆದು ಉದುರಿಸುತ್ತಿದ್ದ. ಹೊರಗೆ ಮೋಡ ಕವಿದಿತ್ತು. ಒಳಗೆ ಉರಿಯುತ್ತಿದ್ದ ಹ್ಯಾಲೊಜೆನ್ ಬೆಳಕಿನಲ್ಲಿ ಆ ಪುಡಿ ತೇಲುತ್ತಿತ್ತು. ಕೆಳಗಿಳಿಯುವ ಆತುರವೇ ಇರಲಿಲ್ಲ ಅದಕ್ಕೆ.

"ಇಳಿಯೋ ತಮ್ಮಾ, ಸಾಕು," ಅಂದೆ.

"ಇನ್ನಾ ಅರ್ಧ ಅದ ರಿ ಅಣ್ಣಾ."

"ಇರ್ಲಿ. ಬ್ರಷ್ ಅಲ್ಲೇ ಇಟ್ಟು ಇಳಿ."

ಅವನು ಬೇಜಾರಿನಿಂದಲೇ ಇಳಿದ. ಮಧ್ಯಾಹ್ನದೊಳಗೆ ಕೆರೆದು ಮುಗಿಸಿದರೆ ಸಂಜೆ ಬಣ್ಣ ಹೊಡೆಯೋದು ಅಂತ ಸಾವುಕಾರರು ಹೇಳಿದ್ದರಂತೆ. ಕೊಳವೆ ನೋಡೋಕೆ ಚೆನ್ನಾಗಿರಬೇಕು ಅಲ್ವಾ, ಹೊಸ ಸೀಸನ್ನಿಗೆ ಡ್ರೈಯರ್ ಶುರು ಮಾಡ್ತಾ ಇದ್ದಾರೆ. ನನ್ನನ್ನು ಕರೆದಿದ್ದು ಬೇರೆ ಕೆಲಸಕ್ಕೆ, ಗಾಳಿ ಊದುವ ಬ್ಲೋವರಿನ ಮೋಟಾರು ನೋಡೋಕೆ. ಕಲಬುರಗಿಯ ನಂದೂರು, ಕಪನೂರು ಕಡೆಯ ಮಿಲ್ಲುಗಳಲ್ಲಿ ಯಂತ್ರ ರಿಪೇರಿ ನನ್ನ ಹೊಟ್ಟೆಪಾಡು. ಈ ಮಿಲ್ಲಿನ ಹೆಸರು ಇಲ್ಲಿ ಬೇಡ.

ಡ್ರೈಯರ್ ಯಾಕೆ ಬೇಕು ಅನ್ನೋದನ್ನು ಹೊರಗಿನವರಿಗೆ ಹೇಳಬೇಕು. ತೊಗರಿಯನ್ನು ಹಾಗೇ ಒಡೆಯೋಕೆ ಬರೋದಿಲ್ಲ, ಸಿಪ್ಪೆ ಬೇಳೆಗೆ ಅಂಟಿಕೊಂಡಿರುತ್ತದೆ. ಮೊದಲು ರೋಲರಿನಲ್ಲಿ ಮೈ ಕೆರೆದು, ಎಣ್ಣೆ ಸವರಿ, ರಾಶಿ ಹಾಕುತ್ತಾರೆ. ಆಮೇಲೆ ಅಂಗಳದಲ್ಲಿ ಬಿಸಿಲಿಗೆ ಹರಡುತ್ತಾರೆ. ಸಂಜೆ ನೀರು ಚಿಮುಕಿಸಿ ಮತ್ತೆ ರಾಶಿ, ಮರುದಿನ ಮತ್ತೆ ಬಿಸಿಲು. ನಾಲ್ಕೈದು ದಿನ ಇದೇ ಆಟ. ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲಿಗೇನು ಬರ, 42 ಡಿಗ್ರಿ ಪುಕ್ಕಟೆ. ತೊಂದರೆ ಮಳೆಗಾಲದಲ್ಲಿ. ವಾರಗಟ್ಟಲೆ ಮೋಡ ಕೂತರೆ ಮಿಲ್ಲು ನಿಲ್ಲುತ್ತದೆ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ, ಅಂದರೆ ಈ ನೆಲದ್ದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಹೆಸರು ಬಂತು, ಆದರೆ ಮೋಡಕ್ಕೆ ಅದೆಲ್ಲ ಗೊತ್ತಿಲ್ಲ. ಅದಕ್ಕೇ ಹೊಟ್ಟು ಉರಿಸಿ ಬಿಸಿಗಾಳಿ ಊದುವ ಡ್ರೈಯರ್.

ಈ ಮಿಲ್ಲಿನದು ಹಳೆಯದು. ಸಾವುಕಾರರ ತಂದೆ ತೊಂಬತ್ತರ ದಶಕದಲ್ಲಿ ಹಾಕಿಸಿದ್ದು. ಆರೇಳು ವರ್ಷದಿಂದ ಬಾಯಿ ಮುಚ್ಚಿಕೊಂಡು ಬಿದ್ದಿತ್ತು.

ಜಹಾಜಿನ ಮಾಲು

ಹುಡುಗನನ್ನು ಹೊರಗೆ ಕಳಿಸಿ, ಬ್ಲೋವರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಯಾರೋ ಉತ್ಸಾಹದಲ್ಲಿ ಸ್ವಿಚ್ ಒತ್ತಿದರೆ ಆ ಪುಡಿ ಇಡೀ ಮಿಲ್ಲಿಗೆ ಹಬ್ಬುತ್ತಿತ್ತು. ಬಾಗಿಲು ಎಳೆದು ಹಾಕಿ ಮಿಸ್ತ್ರಿ ಚಾಚಾನಿಗೆ ಫೋನ್ ಮಾಡಿದೆ. ಅವರಿಗೆ ಎಪ್ಪತ್ತರ ಹತ್ತಿರ. ಹರೆಯದಲ್ಲಿ ನಮ್ಮ ಕಡೆಯ ಸಾವಿರಾರು ಜನರಂತೆ ಅವರೂ ರೈಲು ಹತ್ತಿ ಮುಂಬೈಗೆ ಹೋದವರು. ಎಂಬತ್ತರ ದಶಕದಲ್ಲಿ ದಾರುಖಾನಾದಲ್ಲಿ ಹಳೆ ಹಡಗು ಒಡೆಯುವ ಕೆಲಸ ಮಾಡಿದ್ದರು.

ಚಾಚಾ ಬಂದರು. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಒಳಗೆ ಬರಲಿಲ್ಲ.

"ಇದು ಜಹಾಜಿನ ಮಾಲು ಅದ ನೋಡಪಾ. ಇದನ್ನ ನಾವು ತಲಿದಿಂಬು ಮಾಡ್ಕೊಂಡು ಮಲಗ್ತಿದ್ವಿ. ಭಾಳ ಮೆತ್ತಗಿತ್ತು."

ಅವರು ಹೇಳಿದ್ದಕ್ಕೆ ಸಾಕ್ಷಿ ಬ್ಲೋವರಿನ ಮೇಲೇ ಇತ್ತು. ಹಿತ್ತಾಳೆ ಫಲಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ 440 ವೋಲ್ಟ್, 60 ಹರ್ಟ್ಸ್ ಅಂತ ಕಂಡಿತು. ನಮ್ಮ ಜೆಸ್ಕಾಂ ಕರೆಂಟು 415 ವೋಲ್ಟ್, 50 ಹರ್ಟ್ಸ್. 440ಕ್ಕೆ 60 ಅನ್ನೋ ಜೋಡಿ ಹೆಚ್ಚಾಗಿ ಹಡಗಿನ ಜನರೇಟರಿನದು. ಈ ಸಂಖ್ಯೆಯನ್ನು ನೆನಪಿಡಿ, ಆಮೇಲೆ ಮತ್ತೆ ಬರುತ್ತದೆ. ಆ ಹೊತ್ತಿಗೆ ನಾನೂ ಅದನ್ನು "ಹೌದು, ಹಡಗಿನದೇ" ಅನ್ನೋದಕ್ಕೆ ಮಾತ್ರ ಬಳಸಿ ಬಿಟ್ಟುಬಿಟ್ಟೆ.

ಚಳಿ ದೇಶದ ಹಡಗುಗಳಲ್ಲಿ ಕ್ಯಾಬಿನ್ನುಗಳನ್ನು ಬೆಚ್ಚಗಿಡಲು ಹಬೆಯ ಸುರುಳಿಯ ಮೇಲೆ ಗಾಳಿ ಊದಿ, ಆ ಗಾಳಿಯನ್ನು ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೆ ಕಳಿಸುತ್ತಿದ್ದರು. ಶಾಖ ಸೋರದಂತೆ, ಬೆಂಕಿ ಹರಡದಂತೆ ಕೊಳವೆಗೆ ಕಲ್ನಾರು ಸುತ್ತುತ್ತಿದ್ದರು. ಕಲ್ನಾರು ಅಂದರೆ ಆಸ್ಬೆಸ್ಟಾಸ್. ಮೇಲೆ ಬಟ್ಟೆ, ಅದರ ಮೇಲೆ ಬಿಳಿ ಬಣ್ಣ. ಕೊಳವೆಗಳು ಕೂಡುವ ಫ್ಲೇಂಜಿನ ನಡುವೆ ಅದರದೇ ಗ್ಯಾಸ್ಕೆಟ್ಟು, ಬಾಗಿಲಿನ ಅಂಚಿಗೆ ಅದರದೇ ಹಗ್ಗ. ಬ್ಲೋವರಿನ ನಡುಕ ಕೊಳವೆಗೆ ಮುಟ್ಟದಂತೆ ಎರಡರ ನಡುವೆ ಒಂದು ಬಟ್ಟೆಯ ತೋಳು ಇರುತ್ತದೆ. ಎಷ್ಟೋ ಕಡೆ ಅದೂ ಕಲ್ನಾರಿನದೇ. ಬೋಟಿರಲಿ, ದೊಡ್ಡ ಹಡಗಿರಲಿ, ಎಂಬತ್ತರ ದಶಕಕ್ಕಿಂತ ಮುಂಚಿನದಾದರೆ ಈ ಜಾಗಗಳನ್ನು ಅನುಮಾನದಿಂದಲೇ ನೋಡಬೇಕು. ಹಡಗುಗಳಿಗೆ ಹೊಸದಾಗಿ ಕಲ್ನಾರು ಹಾಕುವುದನ್ನು ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್ 2002ರ ಜುಲೈಯಿಂದ ಬಿಗಿ ಮಾಡಿತು, 2011ರ ಜನವರಿಯಿಂದ ಪೂರ್ತಿ ನಿಲ್ಲಿಸಿತು. ಹಳೆ ಹಡಗು ಒಡೆದಾಗ ಸಿಕ್ಕಿದ್ದು ಎಲ್ಲೆಲ್ಲಿ ಹೋಯಿತು ಅನ್ನೋದು ಬೇರೆ ಕಥೆ. 2006ರಲ್ಲಿ ಒಡೆಸಿಕೊಳ್ಳಲು ಗುಜರಾತಿನ ಅಲಂಗಿಗೆ ಹೊರಟಿದ್ದ ಫ್ರಾನ್ಸಿನ ಕ್ಲೆಮಾನ್ಸೊ ಯುದ್ಧನೌಕೆ ಇದೇ ಕಲ್ನಾರಿನ ಗಲಾಟೆಯಲ್ಲಿ ಅರ್ಧದಾರಿಯಿಂದ ವಾಪಸ್ ಹೋಯಿತು. ನಮ್ಮ ಮಿಲ್ಲಿನ ಕೊಳವೆ ಬಂದಾಗ ಯಾರೂ ಕೇಳಲಿಲ್ಲ. ಮುಂಬೈಯಿಂದ ಲಾರಿಯಲ್ಲಿ ಬಂತು. ಗಟ್ಟಿ ತಗಡು, ಅಗ್ಗದ ರೇಟು.

ಬೆಂಕಿಕಡ್ಡಿ ಪರೀಕ್ಷೆ

ಸಾವುಕಾರರು ಹನ್ನೊಂದಕ್ಕೆ ಬಂದರು. ವಿಷಯ ಕೇಳಿ ಜೇಬಿನಿಂದ ಲೈಟರ್ ತೆಗೆದರು.

"ಸುಟ್ಟು ನೋಡಮು. ಸುಡಲಿಲ್ಲಂದ್ರ ಆಸ್ಬೆಸ್ಟಾಸ್, ಸುಟ್ರ ಅಲ್ಲ. ನಮ್ಮಪ್ಪ ಹಂಗೇ ನೋಡ್ತಿದ್ದ."

ಈ ಪರೀಕ್ಷೆ ನಮ್ಮ ಕಡೆ ಎಲ್ಲ ಮಿಸ್ತ್ರಿಗಳಿಗೂ ಗೊತ್ತು, ಮತ್ತು ಅದು ತಪ್ಪು. ಗಾಜಿನ ನಾರೂ ಲೈಟರಿಗೆ ಸುಡೋದಿಲ್ಲ, ಕಲ್ಲು ಕರಗಿಸಿ ಮಾಡುವ ನಾರು ರಾಕ್‌ವೂಲೂ ಸುಡೋದಿಲ್ಲ. ತಿರುಗಾಮುರುಗಾ ಕೂಡ ಆಗುತ್ತದೆ: ಕಲ್ನಾರಿನ ಜೊತೆ ಹತ್ತಿ ನೂಲು ಸೇರಿಸಿ ನೇಯ್ದ ಬಟ್ಟೆಯಲ್ಲಿ ಹತ್ತಿ ಕರಕಲಾಗುತ್ತದೆ, ನೋಡಿದವರು "ಸುಟ್ಟಿತಲ್ಲ, ಹತ್ತಿಯೇ" ಅಂತ ನೆಮ್ಮದಿಯಾಗುತ್ತಾರೆ. ಬಣ್ಣ ನೋಡಿ ಹೇಳೋದೂ ಆಗದು. ಬಿಳಿ, ಕಂದು, ನೀಲಿ ಅಂತ ಕಲ್ನಾರಿಗೆ ಹೆಸರುಗಳಿವೆ, ಆದರೆ ಮೂವತ್ತು ವರ್ಷದ ಹೊಗೆ ಕುಡಿದ ಮೇಲೆ ಎಲ್ಲವೂ ಒಂದೇ ಬಣ್ಣ. ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಲ್ಯಾಬಿನವರು ನೋಡಿ ಹೇಳಬೇಕು. ಲ್ಯಾಬಿಲ್ಲದೆ ದಾರಿ ಇಲ್ಲ.

ಸ್ಯಾಂಪಲ್ ತೆಗೆದದ್ದು ಎರಡು ದಿನ ಬಿಟ್ಟು. ತೇಲುವ ಪುಡಿ ಅಷ್ಟರಲ್ಲಿ ನೆಲಕ್ಕೆ ಕೂತಿತ್ತು. ಸ್ಪ್ರೇ ಬಾಟಲಿಯ ನೀರಿಗೆ ಪಾತ್ರೆ ತೊಳೆಯುವ ಸಾಬೂನು ಎರಡು ಹನಿ ಹಾಕಿದೆ. ಸಾಬೂನು ಇಲ್ಲದಿದ್ದರೆ ನೀರು ನಾರಿನ ಮೇಲಿಂದ ಜಾರಿ ಹೋಗುತ್ತದೆ, ಒಳಗೆ ಇಳಿಯೋದಿಲ್ಲ. ಚೆನ್ನಾಗಿ ನೆನೆಸಿ, ಒಂದು ರೂಪಾಯಿ ನಾಣ್ಯದಷ್ಟು ತುಂಡನ್ನು ಬ್ಲೇಡಿನಿಂದ ಕತ್ತರಿಸಿ, ಜಿಪ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟೆ. ಕತ್ತರಿಸಿದ ಜಾಗಕ್ಕೆ ಕೂಡಲೇ ಟೇಪು. ಹೀಗೆ ಐದು ಕಡೆ: ಬಿಳಿ ಸುತ್ತು ಎರಡು ಕಡೆಯಿಂದ, ಹೊಟ್ಟು ಉರಿಸುವ ಫರ್ನೇಸಿನ ಬಾಗಿಲಿನ ಹಗ್ಗ, ಬ್ಲೋವರಿನ ಬಟ್ಟೆ ತೋಳು, ನೆಲದ ಪುಡಿ.

ಇಲ್ಲಿ ನನ್ನದೊಂದು ತಪ್ಪು ಬರೆಯಲೇಬೇಕು. ಆ ದಿನ ನಾನು ಹಾಕಿಕೊಂಡಿದ್ದು ಕೊರೊನಾ ಕಾಲದಲ್ಲಿ ಉಳಿದಿದ್ದ ಎನ್95 ಮಾಸ್ಕು. ಕಲ್ನಾರಿಗೆ ಅದು ಸಾಲದು. ಮುಖಕ್ಕೆ ಗಾಳಿ ನುಸುಳದಂತೆ ಕೂರುವ ರಬ್ಬರಿನ ರೆಸ್ಪಿರೇಟರ್, ಅದಕ್ಕೆ ತೀರಾ ಸಣ್ಣ ಪುಡಿಯನ್ನೂ ತಡೆಯುವ ಪಿ100 ಫಿಲ್ಟರ್ ಬೇಕು. ಗಡ್ಡ ಬಿಟ್ಟಿದ್ದರೆ ಅದೂ ಕೂರೋದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. "ಹತ್ತು ನಿಮಿಷದ ಕೆಲಸ ತಾನೆ" ಅಂದುಕೊಂಡೆ. ಹುಡುಗನೂ ಅದನ್ನೇ ಅಂದುಕೊಂಡಿದ್ದ, ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ.

ಮಾನ್ಯತೆ ಇರುವ ಲ್ಯಾಬಿನಿಂದ ಫಲಿತಾಂಶ ಬರಲು ಎರಡು ವಾರ ಹಿಡಿಯಿತು. ಬಿಳಿ ಸುತ್ತಿನಲ್ಲಿ ಬಿಳಿ ಮತ್ತು ಕಂದು ಎರಡೂ ಬಗೆಯ ಕಲ್ನಾರು. ಬಾಗಿಲಿನ ಹಗ್ಗ ಬಿಳಿ ಕಲ್ನಾರು. ನೆಲದ ಪುಡಿಯಲ್ಲೂ ಇತ್ತು. ನಾವು ಜಾಸ್ತಿ ಹೆದರಿದ್ದ ಬಟ್ಟೆ ತೋಳು ಮಾತ್ರ ಗಾಜಿನ ನಾರು, ಯಾರೋ ನಡುವೆ ಬದಲಾಯಿಸಿದ್ದರು.

ಚಾವಣಿಯ ಶೀಟು ಬೇರೆ, ಇದು ಬೇರೆ

ಸುದ್ದಿ ಹಬ್ಬಿದ ಮೇಲೆ ಮುನೀಮರು ಬಂದು ಮೆಲ್ಲಗೆ ಕೇಳಿದರು, "ನಮ್ಮ ಮನಿ ಮ್ಯಾಲ ಸಿಮೆಂಟ್ ಶೀಟು ಅವ ರಿ. ಅವೂ ಇದೇ ಏನ್ರಿ? ತೆಗೆಸಬೇಕಾ?"

ವಸ್ತು ಅದೇ, ಸ್ಥಿತಿ ಬೇರೆ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಕೊರೆಯದೆ, ಕತ್ತರಿಸದೆ, ಒಡೆಯದೆ ಇದ್ದರೆ ಅದು ಸುಲಭಕ್ಕೆ ಹಾರೋದಿಲ್ಲ. ಕೊಳವೆಯ ಸುತ್ತು ಹಾಗಲ್ಲ, ಕೈಯಲ್ಲಿ ಹಿಚುಕಿದರೆ ಪುಡಿ. ಒಂದು ಬೆಲ್ಲದಚ್ಚಿನಲ್ಲಿ ಕೂತ ಮಣ್ಣು, ಇನ್ನೊಂದು ಗಾಳಿಯಲ್ಲಿ ಹಾರುವ ಮಣ್ಣು ಅಂತ ಹೇಳಿದೆ. ಅವರಿಗೆ ಹೋಲಿಕೆ ಹಿಡಿಸಿತೋ ಇಲ್ಲವೋ, ಶೀಟಿಗೆ ಡ್ರಿಲ್ ಹಾಕಿ ಡಿಶ್ ಕೂರಿಸೋದು ಬಿಟ್ಟರು. ನಮ್ಮ ದೇಶದಲ್ಲಿ ಕಲ್ನಾರು ಗಣಿಗಾರಿಕೆ ನಿಂತಿದೆ, ಆದರೆ ಆಮದು ಮಾಡಿದ ಬಿಳಿ ಕಲ್ನಾರಿನಿಂದ ಶೀಟು ಮಾಡೋದು ನಿಂತಿಲ್ಲ. ಹಾಗಾಗಿ ಈ ಪ್ರಶ್ನೆ ಪ್ರತಿ ಓಣಿಯಲ್ಲೂ ಇದೆ.

ನಾರು ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಹೋದರೆ ದೇಹ ಅದನ್ನು ಕರಗಿಸಲಾರದು. ಶ್ವಾಸಕೋಶ ಗಟ್ಟಿಯಾಗುವುದು, ಕ್ಯಾನ್ಸರು, ಶ್ವಾಸಕೋಶದ ಪೊರೆಗೆ ಬರುವ ಮೀಸೊಥೀಲಿಯೋಮ ಅನ್ನೋ ಕ್ಯಾನ್ಸರು. ಹೆಚ್ಚಾಗಿ ಎಲ್ಲವೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ ಮೇಲೆ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು ಏರುತ್ತದೆ. ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಮೀಸೊಥೀಲಿಯೋಮ ಬಂದ ಉದಾಹರಣೆಗಳು ಬೇರೆ ದೇಶಗಳಲ್ಲಿ ಬೇಕಾದಷ್ಟಿವೆ.

ಇನ್ನು ಏನು ಮಾಡೋದು? ಇದ್ದಲ್ಲೇ ಮೇಲೆ ಗಟ್ಟಿ ಲೇಪನ ಹಚ್ಚಿ ಮುಚ್ಚಿಬಿಡೋದು ಒಂದು ದಾರಿ. ಯಾರೂ ಮುಟ್ಟದ, ಅಲುಗದ ಜಾಗದಲ್ಲಿ ಅದೇ ಎಷ್ಟೋ ಸಲ ಒಳ್ಳೆಯದು. ಕಲ್ನಾರು ಅಂದ ಕೂಡಲೇ ಕಿತ್ತು ಬಿಸಾಡಬೇಕು ಅಂತ ಹೊರಡುವವರನ್ನು ಕಂಡರೆ ನನಗೆ ಕಲ್ನಾರಿಗಿಂತ ಭಯ. ಆದರೆ ಇಲ್ಲಿ ಬ್ಲೋವರ್ ನಡುಗುತ್ತದೆ, ಕೊಳವೆ ಬಿಸಿಯಾಗಿ ಹಿಗ್ಗಿ ಕುಗ್ಗುತ್ತದೆ, ಮೇಲಿನ ಬಟ್ಟೆಯನ್ನು ಅರ್ಧ ಕೆರೆದಾಗಿದೆ, ಕೆಳಗೆ ಹರಡಿರೋದು ಜನ ತಿನ್ನುವ ಬೇಳೆ. ಜೊತೆಗೆ ಚಾಚಾ ಕೊಳವೆಯ ತಳಭಾಗಕ್ಕೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, "ಸತ್ತದ ಇದು" ಅಂದರು. ಸಮುದ್ರದ ಉಪ್ಪುಗಾಳಿಗೆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಅದೂ ತಳದಲ್ಲಿ. ಮೇಲಿನಿಂದ ಬಣ್ಣ ಹೊಳೆಯುತ್ತಿರುತ್ತದೆ. ಹಾಗಾಗಿ ತೆಗೆಯೋದೇ ಅಂತ ಆಯಿತು.

ತೆಗೆದದ್ದು ನಾವಲ್ಲ. ಕಾರ್ಖಾನೆಗಳಲ್ಲಿ ಇದೇ ಕೆಲಸ ಮಾಡುವ ತಂಡವೊಂದು ಹೈದರಾಬಾದಿನಿಂದ ಬಂತು. ಸಾವುಕಾರರಿಗೆ ಅವರ ಬಿಲ್ಲು ನೋಡಿ ಎರಡು ದಿನ ಊಟ ಸೇರಲಿಲ್ಲ. ನಾನು ನೋಡಿ ಕಲಿತದ್ದು ಒಂದು: ಅವರು ಸುತ್ತನ್ನು ಕೊಳವೆಯಿಂದ ಬಿಡಿಸಲೇ ಇಲ್ಲ. ಕೊಳವೆಯ ಒಂದೊಂದು ತುಂಡನ್ನೂ ನೆನೆಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹೊಡೆದು, ಸುತ್ತಿಲ್ಲದ ಬರಿ ತಗಡಿನ ಜಾಗದಲ್ಲಿ ಕೈ ಗರಗಸದಿಂದ ಕೊಯ್ದರು. ಗ್ರೈಂಡರ್ ಮುಟ್ಟಲಿಲ್ಲ. ಹೆಣ ಇಳಿಸಿದ ಹಾಗೆ ಕೊಳವೆಯನ್ನು ನಾಲ್ವರು ಮೆಲ್ಲಗೆ ಇಳಿಸಿದರು.

ನೆಲದ್ದೇ ದೊಡ್ಡ ತಲೆನೋವು. ಶಹಾಬಾದ್ ಪರಸಿ ಕಲ್ಲಿನ ನೆಲ, ಮೇಲ್ಮೈ ನುಣ್ಣಗೆ, ಒರೆಸೋದು ಸುಲಭ. ಆದರೆ ಕಲ್ಲು ಕಲ್ಲಿನ ನಡುವಿನ ಸಂದಿಯಲ್ಲಿ ಪುಡಿ ಕೂತಿತ್ತು. ಕಸಬರಿಗೆ ಹಿಡಿಯಬೇಡಿ ಅಂತ ನಾನು ಎಷ್ಟು ಹೇಳಿದರೂ ಮೊದಲ ದಿನ ಯಾರೋ ಒಂದು ಮೂಲೆ ಗುಡಿಸಿಯೇ ಬಿಟ್ಟಿದ್ದರು. ತಂಡದವರು ಸೂಕ್ಷ್ಮ ನಾರನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಹಾಕಿ, ಆಮೇಲೆ ಒದ್ದೆ ಬಟ್ಟೆಯಿಂದ ಸಂದಿ ಸಂದಿ ಒರೆಸಿದರು. ಮನೆಯ ಮಾಮೂಲಿ ವ್ಯಾಕ್ಯೂಮಾಗಿದ್ದರೆ ಹಿಂದಿನಿಂದ ನಾರನ್ನು ಊದಿಬಿಡುತ್ತಿತ್ತು.

ಕೊಳವೆಯ ಕೆಳಗೆ ಎರಡು ಚೀಲ ತೊಗರಿ ಬಾಯಿ ತೆರೆದುಕೊಂಡು ನಿಂತಿತ್ತು. "ತೊಳದ್ರ ಆಗಂಗಿಲ್ಲೇನ್ರಿ? ಮ್ಯಾಲ ಹ್ಯಾಂಗೂ ಸಿಪ್ಪಿ ಹೋಗ್ತದ," ಅಂದರು ಸಾವುಕಾರರು. ವಾದದಲ್ಲಿ ಅರ್ಥ ಇಲ್ಲದಿಲ್ಲ. ಆದರೆ ಆ ಸಿಪ್ಪೆ ಹಾರುವ ಜಾಗದಲ್ಲಿ ಉಸಿರಾಡುವವರು ಯಾರು? ಎರಡೂ ಚೀಲ ಕಸದ ಜೊತೆಗೇ ಹೋದವು. ಹೊಲಿದಿದ್ದ ಚೀಲಗಳನ್ನು ಹೊರಗೆ ಒದ್ದೆ ಬಟ್ಟೆಯಿಂದ ಒರೆಸಿ ಉಳಿಸಿಕೊಂಡೆವು.

ಹೆದರಿದ್ದು ಒಂದಕ್ಕೆ

ಇಷ್ಟೆಲ್ಲ ಆದ ಮೇಲೆ ಹೊಸ ಕೊಳವೆ ಬಂತು. ಸತು ಲೇಪಿಸಿದ ಕಬ್ಬಿಣದ ತಗಡು, ರಾಕ್‌ವೂಲ್ ಸುತ್ತು, ಮೇಲೆ ಅಲ್ಯೂಮಿನಿಯಂ ಹೊದಿಕೆ. ಎಲ್ಲರಿಗೂ ಖುಷಿ. ಹಳೆಯ ಫರ್ನೇಸಿನ ಬಾಗಿಲಿಗೆ ಗಾಜಿನ ನಾರಿನ ಹಗ್ಗ ಕೂರಿಸಿ ನಾಳೆ ಬೆಂಕಿ ಹಾಕೋಣ ಅಂತ ನಿರ್ಧಾರ.

ಸಂಜೆ ಚಾಚಾ ಹೊರಡದೆ ಕೂತರು. "ಆ ಪ್ಲೇಟಿನ ನಂಬರ್ ಏನಂತ ಹೇಳ್ದಿ?" ಅಂತ ಕೇಳಿದರು.

60 ಹರ್ಟ್ಸ್. ಆಗ ಹೊಳೆಯಿತು. 60ಕ್ಕೆ ಮಾಡಿದ ಮೋಟಾರು 50ರಲ್ಲಿ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ. ಗಾಳಿಯೂ ಅಷ್ಟೇ ಕಡಿಮೆ. ಫರ್ನೇಸಿನಲ್ಲಿ ಬೆಂಕಿ ಮಾತ್ರ ಕಡಿಮೆ ಆಗೋದಿಲ್ಲ. ಬೆಂಕಿಯ ಹೊಗೆ ಒಂದು ಬದಿಗೆ, ತೊಗರಿಗೆ ಹೋಗುವ ಶುದ್ಧ ಗಾಳಿ ಇನ್ನೊಂದು ಬದಿಗೆ, ನಡುವೆ ಕಬ್ಬಿಣದ ಗೋಡೆ. ಆ ಗೋಡೆಯ ಬಿಸಿಯನ್ನು ಎಳೆದುಕೊಂಡು ಹೋಗಬೇಕಾದ ಗಾಳಿಯೇ ಸಾಲದೆ ಇದ್ದರೆ, ಪ್ರತಿ ಸೀಸನ್ನೂ ಗೋಡೆ ಲೆಕ್ಕಕ್ಕಿಂತ ಜಾಸ್ತಿ ಕಾದು, ಬೆಸುಗೆಯ ಸಂದಿಯಲ್ಲಿ ಬಿರುಕು ಬಿಡುತ್ತದೆ.

ಕತ್ತಲಾದ ಮೇಲೆ ಫರ್ನೇಸಿನೊಳಗೆ 200 ವ್ಯಾಟಿನ ಬಲ್ಬು ಇಳಿಬಿಟ್ಟೆವು. ಮಿಲ್ಲಿನ ದೀಪ ಎಲ್ಲ ಆರಿಸಿ, ಗಾಳಿ ಬದಿಯ ಬಾಯಿಗೆ ನಾನು ತಲೆ ಒಡ್ಡಿದೆ. ಕತ್ತಲಲ್ಲಿ ಎರಡು ತೆಳ್ಳನೆ ಬೆಳಕಿನ ಗೆರೆ. ಒಂದು ಸುಮಾರು ಗೇಣುದ್ದ. ಸಾವುಕಾರರಿಗೆ ನಂಬಿಕೆ ಬರಲಿಲ್ಲ. ಚಾಚಾ ಮನೆಗೆ ಹೋಗಿ ಲೋಬಾನ ತಂದರು. ಫರ್ನೇಸಿನೊಳಗೆ ಕೆಂಡದ ಮೇಲೆ ಹಾಕಿ ಬಾಗಿಲು ಮುಚ್ಚಿದರು. ಎರಡೇ ನಿಮಿಷದಲ್ಲಿ ಹೊಸ ಕೊಳವೆಯ ತುದಿಯಿಂದ, ತೊಗರಿ ಹರಡುವ ಕಡೆಯಿಂದ, ಬಂದೇನವಾಜ್ ದರ್ಗಾದ ವಾಸನೆ ಬಂತು. ಆಗ ಯಾರೂ ಏನೂ ಮಾತಾಡಲಿಲ್ಲ.

ಮರುದಿನ ಹೊಗೆಯ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಮೀಟರ್ ಎರವಲು ತಂದು, ಎಲ್ಲರನ್ನೂ ಹೊರಗಿಟ್ಟು, ಸಣ್ಣ ಬೆಂಕಿ ಹಾಕಿ ಕೊಳವೆಯ ಬಾಯಿಯಲ್ಲಿ ಹಿಡಿದೆ. 140 ಪಿಪಿಎಂ ತೋರಿಸಿತು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿಗೆ 140 ಪಾಲು. ಎಂಟು ಗಂಟೆಯ ಕೆಲಸಕ್ಕೆ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿದ್ದ ಮಿತಿ 50. ಅದೂ ಸಣ್ಣ ಬೆಂಕಿಗೇ ಇಷ್ಟು. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹಿಂದೆ ಡ್ರೈಯರ್ ನಡೆಯುತ್ತಿದ್ದಾಗ ರಾತ್ರಿ ಪಾಳಿಯವರಿಗೆ ತಲೆನೋವು, ವಾಕರಿಕೆ ಇರುತ್ತಿತ್ತಂತೆ. "ಉಷ್ಣ ಆಗ್ಯದ" ಅಂತ ಮಜ್ಜಿಗೆ ಕುಡಿದು ಮಲಗುತ್ತಿದ್ದರಂತೆ. ಬೆಳಿಗ್ಗೆ ಎದ್ದರಲ್ಲ, ಅವರ ಪುಣ್ಯ.

ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಕೊರೆಯೋದು ಇದೇ. ಮೂವತ್ತು ವರ್ಷ ಬಿಟ್ಟು ಬರಬಹುದಾದ ಕಾಯಿಲೆಯ ಹಿಂದೆ ಎರಡು ತಿಂಗಳು ಓಡಾಡಿದೆವು, ಅದು ಸರಿಯೇ. ಒಂದೇ ರಾತ್ರಿಯಲ್ಲಿ ಜನರನ್ನೇ ಮುಗಿಸಬಹುದಾದದ್ದು ಆರು ಅಡಿ ದೂರದಲ್ಲಿ ಕೂತಿತ್ತು, ಅದರ ಕಡೆ ಯಾರೂ ನೋಡಲಿಲ್ಲ. ಅದರ ಸುಳಿವು ಮೊದಲ ದಿನವೇ ನನ್ನ ಕೈಯಲ್ಲಿ ಒರೆಸಿಕೊಂಡು ಹೊಳೆಯುತ್ತಿತ್ತು. ಹಳೆ ಬೋಟಿನ ಹೀಟರ್ ಪರೀಕ್ಷೆಯಲ್ಲೂ ಕ್ರಮ ಇದೇ ಇರಬೇಕು ಅನ್ನೋದು ನನ್ನ ಅನಿಸಿಕೆ: ಸುತ್ತನ್ನು ಮುಟ್ಟದೆ ಬಿಟ್ಟು, ಮೊದಲು ಹೊಗೆಯ ದಾರಿ ಮತ್ತು ಗಾಳಿಯ ದಾರಿ ಎಲ್ಲಾದರೂ ಕೂಡುತ್ತವಾ ಅಂತ ನೋಡೋದು. ಬೋಟಿನ ಕ್ಯಾಬಿನ್ನು ಮಿಲ್ಲಿಗಿಂತ ಎಷ್ಟೋ ಚಿಕ್ಕದು, ಬಾಗಿಲು ಮುಚ್ಚಿ ಮಲಗುತ್ತಾರೆ.

ಫರ್ನೇಸ್ ಹೊಸದಾಗಿ ಮಾಡಿಸಿದೆವು. ಬ್ಲೋವರ್ ಬದಲಾಯಿತು, 50 ಹರ್ಟ್ಸಿನದು. ಗಾಳಿ ಬಾಯಿಯ ಹತ್ತಿರ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ಹೊಟ್ಟಿನ ರಾಶಿಯನ್ನು ಫರ್ನೇಸಿನ ಬಾಯಿಂದ ದೂರ ಸರಿಸಿದ್ದಾರೆ, ಕಿಡಿಗೆ ಆ ಧೂಳು ಸಾಕು. ಕಲ್ನಾರಿನ ಮೂಟೆಗಳು ಅಪಾಯಕಾರಿ ತ್ಯಾಜ್ಯದ 2016ರ ನಿಯಮದ ಪ್ರಕಾರ ಕಾಗದಪತ್ರ ಆಗುವವರೆಗೆ ಹಿಂದಿನ ಕೋಣೆಯಲ್ಲಿ ಬೀಗ ಹಾಕಿಕೊಂಡಿದ್ದವು. ಆಮೇಲೆ ದಾಬಸ್‌ಪೇಟೆ ಕಡೆಯ ವಿಲೇವಾರಿ ಜಾಗಕ್ಕೆ ಹೋದವು. ಚಾಚಾನ ಎದೆ ಎಕ್ಸ್‌ರೇ ಮಾಡಿಸಲು ನಾನು ಮೂರು ಸಲ ಹೇಳಿದ್ದೇನೆ. "ತಲಿದಿಂಬು ಮಾಡ್ಕೊಂಡು ನಲವತ್ತು ವರ್ಷ ಆತು, ಈಗ ಏನ್ ಫೋಟೋ ತೆಗಿತಿ" ಅಂತ ನಗುತ್ತಾರೆ. ಹೋಗಿಲ್ಲ.

ಹುಡುಗ ಆ ಮೊದಲ ದಿನವೇ ಕೇಳಿದ್ದ, "ಅಣ್ಣಾ, ನನಗೇನರ ಆಗ್ತದಾ?" ಅರ್ಧ ಗಂಟೆಯ ಪುಡಿ, ಒಂದೇ ಸಲ. ಅಪಾಯ ಬಹಳ ಕಡಿಮೆ, ಸೊನ್ನೆ ಅಂತ ಹೇಳೋಕೆ ಬರೋದಿಲ್ಲ ಅಂದೆ. ಬೀಡಿ ಮುಟ್ಟಬೇಡ, ಯಾವತ್ತಾದರೂ ಎದೆಯ ತೊಂದರೆಗೆ ಡಾಕ್ಟರ ಹತ್ತಿರ ಹೋದರೆ ಈ ದಿನದ ಮಾತು ಹೇಳು ಅಂತ ದಿನಾಂಕ ಹಾಕಿ ಚೀಟಿ ಬರೆದುಕೊಟ್ಟೆ. ಅಲ್ಲೇ ಮೈ ತೊಳೆಸಿ, ಅಂಗಿ ಪ್ಯಾಂಟು ಟವೆಲ್ಲು ಎಲ್ಲ ಚೀಲಕ್ಕೆ ಹಾಕಿ ಕಟ್ಟಿದ್ದೆವು. ಅಂಗಿ ಶರಣಬಸವೇಶ್ವರ ಜಾತ್ರೆಗೆ ಅವರವ್ವ ಕೊಡಿಸಿದ್ದಂತೆ. ಮೂಟೆಗಳು ಲಾರಿ ಹತ್ತುವ ದಿನ ಅವನು ಬಂದು ಪಕ್ಕದಲ್ಲಿ ನಿಂತ. ಸಾವುಕಾರರು ಹೊಸ ಅಂಗಿ ಕೊಡಿಸಿದ್ದರು, ಅದನ್ನೇ ಹಾಕಿಕೊಂಡಿದ್ದ. ಆದರೂ ಕೇಳಿದ, "ನಂದು ಯಾವ ಚೀಲದಾಗ ಅದ ರಿ?"